ಹತ್ತನೇ ತಾರೀಕಿನ ಆಚೆ ಈಚೆ

ಜುಲೈ 24 ಅಮೆರಿಕದ ಯೂಟಾ ರಾಜ್ಯದಲ್ಲಿ ದೊಡ್ಡ ಹಬ್ಬ. 1847ರಲ್ಲಿ ಅದೇ ದಿನ ಬ್ರಿಗಮ್ ಯಂಗ್ ಎಂಬ ಮುಖಂಡ ತನ್ನ ಮಾರ್ಮನ್ ಪಂಥದವರೊಂದಿಗೆ ಸಾಲ್ಟ್ ಲೇಕ್ ಕಣಿವೆಗೆ ಬಂದಿಳಿದ. 2018ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಆ ಹಬ್ಬದ ಮೆರವಣಿಗೆ ನೋಡಲು ನಾನೂ ರಸ್ತೆ ಬದಿಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬಿಳಿ ಬಟ್ಟೆಯ ಕಮಾನು ಹೊದಿಸಿದ ಗಾಡಿಗಳು, ಅಜ್ಜಿಯರ ಕಾಲದ ಟೊಪ್ಪಿಗೆ ಧರಿಸಿದ ಮಕ್ಕಳು ಒಂದರ ಹಿಂದೆ ಒಂದು ಬರುತ್ತಿದ್ದರು.

ನನ್ನ ಪಕ್ಕದಲ್ಲಿ ಕೂತಿದ್ದವರು ಮಗಳ ನೆರೆಮನೆಯ ಅಜ್ಜಿ. ಎಂಬತ್ತನಾಲ್ಕು ವರ್ಷ. ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವ, ಚಹಾ ಕಾಫಿ ಮುಟ್ಟದ ಮಾರ್ಮನ್ ಹೆಂಗಸು. ಮಾತಿಗೆ ಎಳೆಯೋಣವೆಂದು, “ನಿಮ್ಮ ಹಿರಿಯರೂ ಇಂಥದೇ ಗಾಡಿಯಲ್ಲಿ ಬಂದರೇನು?” ಎಂದೆ.

“ಇಲ್ಲ, ನಮ್ಮವರು ರೈಲಿನಲ್ಲಿ ಬಂದರು” ಎಂದರು. ಹೇಳುವಾಗ ದನಿ ಸ್ವಲ್ಪ ತಗ್ಗಿತು, ಮನೆಯ ಗುಟ್ಟೊಂದನ್ನು ಹೇಳುವವರ ಹಾಗೆ.

ಹುಬ್ಬಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ರೈಲ್ವೆ ಗಾರ್ಡ್ ಆಗಿದ್ದವನು ನಾನು. ರೈಲಿನಲ್ಲಿ ಬಂದೆವೆಂದು ಹೇಳಿಕೊಳ್ಳಲು ಸಂಕೋಚವೇ? ನನಗೆ ಒಗಟಾಯಿತು. ಉಳಿದ ಎರಡು ತಿಂಗಳು ಆ ಒಗಟನ್ನು ಬಿಡಿಸುವುದೇ ನನ್ನ ಕೆಲಸವಾಯಿತು. ಮಗಳು ಗ್ರಂಥಾಲಯಕ್ಕೆ ಕರೆದೊಯ್ದು ಬಿಡುತ್ತಿದ್ದಳು. ಗೊತ್ತಾಗದ್ದನ್ನು ಅಜ್ಜಿಯನ್ನೇ ಕೇಳುತ್ತಿದ್ದೆ.

ಮಾರ್ಮನ್ನರಿಗೆ ನಡಿಗೆಯೆಂದರೆ ಬರೀ ಪ್ರಯಾಣವಾಗಿರಲಿಲ್ಲ. 1844ರಲ್ಲಿ ಇಲಿನಾಯ್ ರಾಜ್ಯದ ಜೈಲಿಗೆ ನುಗ್ಗಿದ ಗುಂಪೊಂದು ಅವರ ಪ್ರವಾದಿ ಜೋಸೆಫ್ ಸ್ಮಿತ್‌ನನ್ನು ಗುಂಡಿಟ್ಟು ಕೊಂದಿತು. ಎರಡು ವರ್ಷದ ಮೇಲೆ ಅವರು ಕಟ್ಟಿದ ನಾವೂ ಎಂಬ ಊರನ್ನೇ ಬಿಟ್ಟು ಹೊರಟರು. ಲೋಕದ ಎಲ್ಲ ಕಡೆಯ ಭಕ್ತರೂ ಒಂದೆಡೆ ಬಂದು ಸೇರಬೇಕೆಂಬುದು ಅವರ ನಂಬಿಕೆ. ಇಂಗ್ಲೆಂಡ್, ಡೆನ್ಮಾರ್ಕ್‌ಗಳಿಂದೆಲ್ಲ ಹಡಗು ಹತ್ತಿ ಬಂದವರು ಮಿಸೌರಿ ನದಿಯಿಂದಾಚೆ ಸುಮಾರು 1,600 ಕಿಲೋಮೀಟರು ಎತ್ತಿನ ಗಾಡಿಯ ಜೊತೆ ನಡೆದರು. 1869ರ ವೇಳೆಗೆ ಹೀಗೆ ಬಂದವರು ಸುಮಾರು 70,000 ಮಂದಿ. ಎತ್ತು ಕೊಳ್ಳಲಾರದವರು 1856ರಿಂದ 1860ರವರೆಗೆ ಕೈಗಾಡಿಗಳನ್ನು ತಾವೇ ಎಳೆದರು. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ಇಂದಿನ ವಯೋಮಿಂಗ್‌ನ ಹಿಮದಲ್ಲಿ ಸಿಕ್ಕಿಕೊಂಡು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಡೆದು ಬಂದದ್ದೇ ದೀಕ್ಷೆಯಾಯಿತು. ದಾರಿಯಲ್ಲಿ ತಮ್ಮವರನ್ನು ಹೂತು ಬಂದವರನ್ನು ‘ನೀನು ನಂಬಿದವನೋ?’ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಆ ದಾರಿಯ ಮೇಲೆ ಈಗ ರೈಲು ಬರುವುದಿತ್ತು. ಸುತ್ತಲ ಬೆಟ್ಟ, ಮರುಭೂಮಿಗಳ ಕೋಟೆಯಲ್ಲಿ ಇಪ್ಪತ್ತು ವರ್ಷ ಬೆಳೆದ ಪಂಥ ಇದು. ರೈಲು ಬಂದರೆ ಗಣಿಗಾರರು, ವ್ಯಾಪಾರಿಗಳು, ಹೊಸ ಫ್ಯಾಷನ್ನು ಎಲ್ಲ ಒಳನುಗ್ಗಿ, ಬಹುಪತ್ನಿತ್ವವೂ ಸೇರಿದಂತೆ ಅವರ ಕಟ್ಟುಪಾಡುಗಳು ತಾವಾಗಿ ಕರಗುತ್ತವೆಂದು ಹೊರಗಿನ ಅನೇಕರು ಕಾದು ಕೂತಿದ್ದರು. ರೈಲು ಬಂದರೆ ನಿಲ್ಲಲಾರದ ಧರ್ಮ ಇದ್ದರೆಷ್ಟು, ಹೋದರೆಷ್ಟು ಎಂಬರ್ಥದ ಮಾತೊಂದು ಯಂಗ್‌ನ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತದೆ.

ಆತ ಮಾತಿಗೆ ನಿಲ್ಲಲಿಲ್ಲ. 1868ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯಿಂದ ಎಕೊ ಕಣಿವೆಯ ಕಡೆಯ ಮಣ್ಣಿನ ಕೆಲಸವನ್ನು ತಾನೇ ಗುತ್ತಿಗೆ ಹಿಡಿದ. ಮಿಡತೆ ಹಾವಳಿಯಿಂದ ಬೆಳೆ ಕಳೆದುಕೊಂಡಿದ್ದ ತನ್ನ ಜನರಿಗೆ ಕೂಲಿ ಸಿಗಬೇಕು, ಹೊರಗಿನ ಕೂಲಿಕಾರರ ಸಾರಾಯಿ ಬಿಡಾರಗಳು ತಮ್ಮ ನೆಲಕ್ಕೆ ಕಾಲಿಡಬಾರದು ಎಂಬ ಎರಡು ಲೆಕ್ಕ ಅದರಲ್ಲಿತ್ತು. ಮಾರ್ಮನ್ ಬಿಡಾರಗಳಲ್ಲಿ ದಿನದ ಕೆಲಸ ಮುಗಿದ ಮೇಲೆ ಪ್ರಾರ್ಥನೆ. ಭಾನುವಾರ ಸನಿಕೆ ಮುಟ್ಟುವಂತಿಲ್ಲ. ಎದುರಿನಿಂದ ಬರುತ್ತಿದ್ದ ಸೆಂಟ್ರಲ್ ಪೆಸಿಫಿಕ್ ಕಂಪನಿಗೂ ಬೇರೆ ಮಾರ್ಮನ್ ಮುಖಂಡರು ಗುತ್ತಿಗೆ ಮಾಡಿದರು. ಎರಡು ಕಂಪನಿಗಳೂ ಹಟಕ್ಕೆ ಬಿದ್ದು ಒಂದನ್ನೊಂದು ದಾಟಿ ಏರಿ ಹಾಕಿಸಿದಾಗ, ಒಂದೇ ದೇವರನ್ನು ನೆನೆಯುವ ಜನ ಎರಡು ಕಡೆಯೂ ಮಣ್ಣು ಹೊತ್ತಿದ್ದರು.

ಕೊನೆಗೆ 1869ರ ಮೇ 10ರಂದು ಪ್ರೊಮಾಂಟರಿ ಎಂಬಲ್ಲಿ ಎರಡೂ ಹಳಿ ಕೂಡಿದವು. ಅಳಿಯ ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದೊಯ್ದ. ಸುತ್ತ ಹುಲ್ಲು, ಕುರುಚಲು ಗಿಡ, ಗಾಳಿ. ಹಳೆಯ ಎರಡು ಎಂಜಿನ್‌ಗಳ ಪಡಿಯಚ್ಚುಗಳು ಮುಖಾಮುಖಿ ನಿಂತಿದ್ದವು. ಅಕ್ಕಪಕ್ಕದಲ್ಲಿ ಸಾಗುವ ಎರಡು ಮಣ್ಣಿನ ಏರಿಗಳು ಇಂದಿಗೂ ಕಾಣುತ್ತವೆ. ಸೆಂಟ್ರಲ್ ಪೆಸಿಫಿಕ್‌ಗೆ ಬೆಟ್ಟ ಕೊರೆದು ಹಳಿ ಹಾಸಿದ ಸಾವಿರಾರು ಚೀನೀ ಕಾರ್ಮಿಕರೂ ದುಡಿದು ಬಂದ ದಾರಿ ಅದು. ನಾನು ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದೆ. ಗಾರ್ಡ್ ಆದವನಿಗೆ ಮಣ್ಣಿನ ಬಿಗಿ ಕಾಲಿಗೇ ಗೊತ್ತಾಗುತ್ತದೆ. ಒಳ್ಳೆಯ ಕೆಲಸ.

ಯಂಗ್‌ಗೆ ಒಂದು ನಿರಾಸೆಯಾಗಿತ್ತು. ಮುಖ್ಯ ಮಾರ್ಗ ಸಾಲ್ಟ್ ಲೇಕ್ ಸಿಟಿಗೆ ಬರದೆ ಉತ್ತರದ ಆಗ್ಡೆನ್ ಊರಿನಿಂದಲೇ ಹೊರಳಿಹೋಯಿತು. ಗುತ್ತಿಗೆಯ ಬಾಕಿಗೆ ಕಂಪನಿಯ ಕೈಯಲ್ಲಿ ನಗದಿರಲಿಲ್ಲ. ಆತ ಹಣದ ಬದಲು ಹಳಿ, ಬೋಗಿಗಳನ್ನು ತೆಗೆದುಕೊಂಡು ಆಗ್ಡೆನ್‌ನಿಂದ ತನ್ನ ಊರಿಗೆ ಸುಮಾರು 60 ಕಿಲೋಮೀಟರಿನ ಸ್ವಂತ ರೈಲುಮಾರ್ಗ ಹಾಕಿಸಿಬಿಟ್ಟ. 1870ರ ಜನವರಿ 10ರಂದು ಅದರ ಕೊನೆಯ ಮೊಳೆಯನ್ನು ಹೊಡೆದವನೂ ಆತನೇ. ಆ ಮೊಳೆಯ ಮೇಲೆ ಜೇನುಗೂಡಿನ ಚಿತ್ರವನ್ನೂ ಭಗವಂತನಿಗೆ ಮೀಸಲಾದ ಪಾವಿತ್ರ್ಯವನ್ನು ಸಾರುವ ಮಾತನ್ನೂ ಕೆತ್ತಿಸಿದ್ದರು. ಅದೇ ಮಾತು ಇಂದು ಸಾಲ್ಟ್ ಲೇಕ್ ದೇಗುಲದ ಗೋಡೆಯ ಮೇಲಿದೆ. ನನಗೆ ನಮ್ಮ ಕಡೆಯ ಆಯುಧಪೂಜೆಯ ದಿನ ಎಂಜಿನ್ನಿಗೆ ಹಚ್ಚುವ ಕುಂಕುಮ ನೆನಪಾಯಿತು.

ಆ ದೇಗುಲಕ್ಕೂ ರೈಲಿಗೂ ನಂಟಿದೆ. 1853ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡಕ್ಕೆ ಕಲ್ಲು ಬರಬೇಕಾದದ್ದು ಲಿಟಲ್ ಕಾಟನ್‌ವುಡ್ ಕಣಿವೆಯಿಂದ. ಎತ್ತಿನ ಗಾಡಿಯಲ್ಲಿ ಒಂದು ದೊಡ್ಡ ಕಲ್ಲು ತರಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. 1873ರಲ್ಲಿ ಕಲ್ಲುಗಣಿಯವರೆಗೆ ಹಳಿ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೂ ದೇಗುಲ ಮುಗಿದದ್ದು 1893ರಲ್ಲಿ, ನಲವತ್ತು ವರ್ಷದ ನಂತರ. ಏಪ್ರಿಲ್ ಮತ್ತು ಅಕ್ಟೋಬರ್‌ನ ಮಹಾಸಭೆಗಳಿಗೆ ದೂರದ ಹಳ್ಳಿಯವರು ರಿಯಾಯಿತಿ ಟಿಕೆಟ್ಟಿನಲ್ಲಿ ಬರತೊಡಗಿದರು.

ಬಾಗಿಲು ತೆರೆದಷ್ಟೂ ಒಳಗಿನ ಶಿಸ್ತು ಬಿಗಿಯಾಯಿತು. ಹೊರಗಿನ ವರ್ತಕರಿಗೆ ಎದುರಾಗಿ 1868ರಲ್ಲಿ ಪಂಥದವರದೇ ಸಹಕಾರಿ ಅಂಗಡಿ ಹುಟ್ಟಿತು. ನಿಂತುಹೋಗಿದ್ದ ಮಹಿಳಾ ಸಂಘವನ್ನು ಎಲೈಜಾ ಸ್ನೋ ಎಂಬಾಕೆ ಊರೂರಿಗೆ ಹೋಗಿ ಮತ್ತೆ ಕಟ್ಟಿದರು. 1869ರ ನವೆಂಬರ್‌ನಲ್ಲಿ ಯಂಗ್ ತನ್ನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಉಡುಗೆ, ಊಟ, ಮಾತು ಎಲ್ಲದರಲ್ಲೂ ಸರಳತೆ ಹಿಡಿಯಿರಿ ಎಂದು ಒಂದು ಸಂಘ ಮಾಡಿಸಿದ. ಇಂದಿನ ಮಾರ್ಮನ್ ಯುವತಿಯರ ಸಂಘಟನೆ ಬೆಳೆದದ್ದು ಅದರಿಂದಲೇ. ಬಹುಪತ್ನಿತ್ವಕ್ಕೆ ಮಾತ್ರ 1890ರಲ್ಲಿ ಪಂಥ ಅಧಿಕೃತವಾಗಿ ವಿದಾಯ ಹೇಳಬೇಕಾಯಿತು. ಅದು ರೈಲಿನ ಗಾಳಿಗೆ ಕರಗಲಿಲ್ಲ. 1882 ಮತ್ತು 1887ರ ಕಾನೂನುಗಳು, ಜೈಲು, ಆಸ್ತಿ ಜಪ್ತಿ ಬೇಕಾದವು.

ಇಷ್ಟಾದ ಮೇಲೂ ಅಜ್ಜಿಯ ತಗ್ಗಿದ ದನಿ ನನಗೆ ಅರ್ಥವಾಗಿರಲಿಲ್ಲ. ಹೊರಡುವ ಹಿಂದಿನ ದಿನ ಹೇಳಲು ಹೋದಾಗ ಅವರೇ ಮಾತು ತೆಗೆದರು. ಪಯನಿಯರರ ವಂಶದ ಹೆಣ್ಣುಮಕ್ಕಳಿಗೆಂದು ಒಂದು ಸಂಘವಿದೆಯಂತೆ. ಅದಕ್ಕೆ ಸೇರಬೇಕಾದರೆ ಹಿರಿಯರು 1869ರ ಮೇ 10ಕ್ಕೆ ಮೊದಲೇ ಯೂಟಾಕ್ಕೆ ಬಂದಿರಬೇಕು. ಹಳಿ ಕೂಡಿದ ದಿನವೇ ಗಡಿ. ಆಚೆ ಬಂದವರು ಪಯನಿಯರರು, ಈಚೆ ಬಂದವರು ಪ್ರಯಾಣಿಕರು.

“ನನ್ನ ಅಜ್ಜಿಯ ತಾಯಿ ಬಂದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಲಿವರ್‌ಪೂಲಿನಲ್ಲಿ ಹಡಗು ಹತ್ತಿದವಳು ತಿಂಗಳೊಳಗೆ ಆಗ್ಡೆನ್‌ನಲ್ಲಿ ಇಳಿದಳು. ಕೆಲವೇ ವಾರ ತಡ” ಎಂದರು. ಶಾಲೆಯಲ್ಲಿ ಜುಲೈ ಹಬ್ಬದ ಆಟದಲ್ಲಿ ಕೈಗಾಡಿ ಎಳೆಯುವ ಪಾತ್ರ ಕೇಳಿದಾಗ, ‘ನಿಮ್ಮವರು ರೈಲಿನವರು ತಾನೇ’ ಎಂದು ಗೆಳತಿಯರು ನಕ್ಕಿದ್ದರಂತೆ. ಎಪ್ಪತ್ತೈದು ವರ್ಷವಾದರೂ ಆ ನಗು ಅವರ ಕಿವಿಯಲ್ಲಿತ್ತು.

ಏನು ಹೇಳಬೇಕೋ ತೋಚದೆ ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: “ಆಕೆಯ ಮಡಿಲಲ್ಲಿ ಆರು ತಿಂಗಳ ಕೂಸಿತ್ತು. ಅದೇ ನನ್ನ ಅಜ್ಜಿ. ಒಂದು ವರ್ಷ ಮೊದಲು ಗಾಡಿ ದಾರಿಯಲ್ಲಿ ಕರೆತಂದಿದ್ದರೆ ಅದು ಬದುಕುತ್ತಿತ್ತೋ ಇಲ್ಲವೋ. ನಮ್ಮವಳು ದಾರಿಯಲ್ಲಿ ಯಾರನ್ನೂ ಹೂಳಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಹೇಳಲು ಕತೆಯಿಲ್ಲ. ಕತೆಯಿಲ್ಲದಿದ್ದರೂ ನಾನಿದ್ದೇನಲ್ಲ.” ಆಮೇಲೆ ನಕ್ಕರು. ಈ ಸಲ ದನಿ ತಗ್ಗಿರಲಿಲ್ಲ.

ಊರಿಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ನೌಕರಿಯಲ್ಲಿದ್ದಾಗ ನಾನು ಹಸಿರು ಬಾವುಟ ಬೀಸಿದ ಗಾಡಿಗಳಿಗೆ ಲೆಕ್ಕವಿಲ್ಲ. ಹೊತ್ತಿಗೆ ಸರಿಯಾಗಿ ಹೊರಟಿತೇ ಎಂದಷ್ಟೇ ನೋಡುತ್ತಿದ್ದೆ. ಒಳಗೆ ಯಾರ ಮಡಿಲಲ್ಲಿ ಯಾವ ಕೂಸು ಮಲಗಿತ್ತೋ, ಒಂದು ದಿನವೂ ಯೋಚಿಸಿದವನಲ್ಲ.