ಆಭರಣ ಕಳಚಿದ ಗೀತ

ಯೌವನಕ್ಕೆ ಅಲಂಕಾರ ಪ್ರಿಯ, ಮುಪ್ಪಿಗೆ ಸರಳತೆ ಪ್ರಿಯ ಎಂಬ ಮಾತು ಹಳೆಯದು. ಆದರೆ ಒಬ್ಬನೇ ಕಲಾವಿದ ಒಂದೇ ಹಾಡನ್ನು ಎರಡು ವಯಸ್ಸಿನಲ್ಲಿ ಕೈಗೆತ್ತಿಕೊಂಡು ಆ ಮಾತಿಗೆ ಸಾಕ್ಷಿಯಾದುದು ವಿರಳ. ಜರ್ಮನಿಯ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಅಂಥ ವಿರಳರಲ್ಲೊಬ್ಬ.

ಲೂಥರನ ಮತಸುಧಾರಣೆಯ ತರುವಾಯ ಜರ್ಮನಿಯ ಇಗರ್ಜಿಗಳಲ್ಲಿ ನೆರೆದ ಭಕ್ತರೆಲ್ಲರೂ ತಮ್ಮ ನುಡಿಯಲ್ಲೇ ಸ್ತೋತ್ರಗೀತೆಗಳನ್ನು ಹಾಡತೊಡಗಿದರು. ಸಭೆ ಬಾಯ್ದೆರೆಯುವ ಮುನ್ನ ಆರ್ಗನ್ ವಾದಕನು ಆ ಗೀತೆಯನ್ನೇ ಆಧರಿಸಿ ಒಂದು ಪೀಠಿಕೆಯನ್ನು ನುಡಿಸುವನು. ಇದೇ ಕೊರಾಲ್ ಪ್ರಿಲ್ಯೂಡ್. ನಮ್ಮ ಗಾಯಕರು ಕೀರ್ತನೆಗೆ ಮೊದಲು ಮಾಡುವ ರಾಗಾಲಾಪನೆಯನ್ನು ಇದು ನೆನಪಿಗೆ ತರುತ್ತದೆ. ಆದರೆ ಇಲ್ಲಿ ಕಾಣುವುದು ರಾಗದ ಛಾಯೆ ಮಾತ್ರವಲ್ಲ, ಹಾಡಿನ ಮಟ್ಟೇ.

ವೈಮಾರ್ ಆಸ್ಥಾನದಲ್ಲಿ (1708-1717) ಆರ್ಗನ್ ವಾದಕನಾಗಿದ್ದಾಗ ಬಾಖ್ ಇಂಥ ಪೀಠಿಕೆಗಳ ಕಿರುಹೊತ್ತಗೆಯೊಂದನ್ನು ಆರಂಭಿಸಿದ. 164 ಗೀತೆಗಳನ್ನು ಉದ್ದೇಶಿಸಿದ್ದನಾದರೂ ಪೂರ್ಣಗೊಂಡವು ನಾಲ್ವತ್ತಾರೇ. ಅವುಗಳಲ್ಲೊಂದು, ಕಡುಸಂಕಟದಲ್ಲಿ ಸಿಲುಕಿದವರ ಮೊರೆಯಾದ ಗೀತೆಯದು. ಅದರ ಮಟ್ಟು 1547ರಷ್ಟು ಹಳೆಯದು; ನಾಲ್ಕೇ ಸಾಲು. ತರುಣ ಬಾಖ್ ಆ ಸಾಲುಗಳಿಗೆ ಮೈತುಂಬ ಒಡವೆ ತೊಡಿಸಿದ. ಸ್ವರ ಸ್ವರಕ್ಕೂ ಬಳುಕು, ಕಂಪನ, ಕುಸುರಿ. ಮೂಲ ಹಾಡನ್ನು ಬಲ್ಲವನೂ ಕಿವಿಗೊಟ್ಟು ಹುಡುಕಬೇಕು. ಒಂಬತ್ತು ತಾಳಾವರ್ತಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ವರ್ಷಗಳು ಉರುಳಿದವು. ಲೈಪ್ಸಿಗ್ ನಗರದಲ್ಲಿ ಬಾಖನ ಕಣ್ಣು ಮಂಜಾಯಿತು. 1750ರ ವಸಂತದಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಟೇಲರ್ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿದರೂ ದೃಷ್ಟಿ ಮರಳಲಿಲ್ಲ. ಜುಲೈ 28ರಂದು, ಅರುವತ್ತೈದರ ಪ್ರಾಯದಲ್ಲಿ, ಆತ ತೀರಿಕೊಂಡ. ಮರುವರ್ಷ ಅಚ್ಚಾದ 'ಫ್ಯೂಗ್ ಕಲೆ' ಎಂಬ ಕೃತಿಯ ಕೊನೆಯ ಭಾಗ ಅಪೂರ್ಣವಾಗಿತ್ತು. ಆ ಕೊರತೆಗೆ ಪರಿಹಾರವೆಂಬಂತೆ ಪ್ರಕಾಶಕರು ಒಂದು ಪೀಠಿಕೆಯನ್ನು ಸೇರಿಸಿ, ಅಂಧನಾದ ಬಾಖ್ ಇದನ್ನು ಸ್ನೇಹಿತನೊಬ್ಬನಿಗೆ ಬಾಯಲ್ಲೇ ಹೇಳಿ ಬರೆಯಿಸಿದನೆಂದು ತಿಳಿಸಿದರು.

ಕಥೆ ಹೃದಯಂಗಮವಾದುದು. ಆದರೆ ಕೃತಿ ಮರಣಶಯ್ಯೆಯಲ್ಲಿ ಹುಟ್ಟಿದುದಲ್ಲವೆಂದು ವಿದ್ವಾಂಸರು ತೋರಿಸಿದ್ದಾರೆ. ಅದು ವೈಮಾರಿನ ಆ ಒಂಬತ್ತು ಆವರ್ತಗಳ ಪೀಠಿಕೆಯೇ, ಬೆಳೆದು ನಾಲ್ವತ್ತೈದಾಗಿದೆ. ಕಥೆಗಿಂತ ಈ ಸತ್ಯವೇ ಹೆಚ್ಚು ಮನಮುಟ್ಟುವಂಥದು. ಸಾಯುವವನು ಹೊಸದೊಂದು ಪವಾಡವನ್ನು ಸೃಷ್ಟಿಸಲಿಲ್ಲ. ತನ್ನ ತಾರುಣ್ಯದ ಕೆಲಸವನ್ನೇ ಮರಳಿ ತಿದ್ದಿದ.

ತಿದ್ದಿದ್ದಾದರೂ ಏನು? ಒಡವೆಗಳನ್ನು ಒಂದೊಂದಾಗಿ ಕಳಚಿದ. ಮೇಲಿನ ದನಿಯಲ್ಲಿ ಹಾಡು ಈಗ ಸಭೆ ಹಾಡುವಷ್ಟೇ ಸರಳ. ಪ್ರತಿ ಸಾಲೂ ಮೂಡುವ ಮುನ್ನ ಕೆಳಗಿನ ಮೂರು ದನಿಗಳು ಆ ಸಾಲನ್ನೇ ಒಂದಾದಮೇಲೊಂದು ನುಡಿದು, ತಲೆಕೆಳಗು ಮಾಡಿಯೂ ನುಡಿದು, ದಾರಿಯನ್ನು ಸಿದ್ಧಪಡಿಸುತ್ತವೆ. ಹಾಡು ಆತುರಪಡುವುದಿಲ್ಲ, ಕಾದು, ಸರದಿ ಬಂದಾಗ ಬರುತ್ತದೆ. ಚಾತುರ್ಯವೆಲ್ಲ ಸೇವಕನಂತೆ ಕೆಳಗೆ ನಿಂತಿದೆ.

ಹೆಸರೂ ಬದಲಾಯಿತು. ಉಳಿದಿರುವ ಹಸ್ತಪ್ರತಿಯಲ್ಲಿ ಇದೇ ಮಟ್ಟಿನ ಇನ್ನೊಂದು ಗೀತೆಯ ಹೆಸರಿದೆ: ದೇವರ ಸಿಂಹಾಸನದೆದುರು ಬಂದು ನಿಲ್ಲುವ ಭಕ್ತನ ಗೀತೆ. ಸಂಕಟದ ಮೊರೆ ಸನ್ನಿಧಿಯ ಬಿನ್ನಹವಾಯಿತು. ಆ ಪ್ರತಿಯೂ ಇಪ್ಪತ್ತಾರನೆಯ ಆವರ್ತಕ್ಕೆ ನಿಂತುಹೋಗಿದೆ. ಮುಂದಿನ ಹಾಳೆ ಕಳೆದಿದೆ. ಅಚ್ಚಾದ ಪ್ರತಿಯಿಂದಾಗಿ ಮಾತ್ರ ಕೊನೆ ನಮಗೆ ದಕ್ಕಿದೆ. ಅಲ್ಲಿ ಹಾಡಿನ ಅಂತಿಮ ಸ್ವರ ಅಲುಗದೆ ನಿಂತಿರುತ್ತದೆ. ಕೆಳಗಿನ ದನಿಗಳು ಇನ್ನೂ ಕೆಲವು ಹೆಜ್ಜೆ ನಡೆದು ಬಂದು ಅದನ್ನು ಸೇರಿಕೊಳ್ಳುತ್ತವೆ.