ಗುಡ್ಡಗಳಿಗೆ ಹೋಗುವ ದಾರಿ

ಪರಊರಿನಿಂದ ಬಂದ ಬಂಧುಗಳು ‘ನಿಮ್ಮ ಬಳ್ಳಾರಿಯಲ್ಲಿ ನೋಡತಕ್ಕದ್ದೇನಿದೆ?’ ಎಂದು ಕೇಳಿದಾಗ ನಮ್ಮ ಜನ ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ‘ಇಲ್ಲೇನಿದೆ ಸ್ವಾಮಿ, ಬಿಸಿಲು, ಧೂಳು, ಕಲ್ಲು. ಹಂಪೆಗೆ ಹೋಗಿಬನ್ನಿ.’ ಅತಿಥಿಗಳು ಆ ಮಾತನ್ನು ನಂಬಿ ಹಂಪೆಗೆ ಹೋಗುತ್ತಾರೆ. ಹೋಗಲಿ, ಅದು ಹೋಗಬೇಕಾದ ಸ್ಥಳವೇ. ಆದರೆ ಈ ಉತ್ತರದಲ್ಲಿ ಮೂರನೆಯದಾಗಿ, ಅಷ್ಟು ತಾತ್ಸಾರದಿಂದ ಹೇಳಲ್ಪಟ್ಟ ಕಲ್ಲನ್ನು ಕುರಿತು ತಮ್ಮಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಿಕೊಳ್ಳಬೇಕೆಂಬುದು ನನ್ನ ಅಪೇಕ್ಷೆ.

ಈ ವಿಚಾರ ನನ್ನಲ್ಲಿ ಬಲಗೊಂಡದ್ದು ನಮ್ಮ ನಾಡಿನಲ್ಲಿ ಅಲ್ಲ, ದೂರದ ಇಂಗ್ಲೆಂಡಿನಲ್ಲಿ. ಮಗಳು ಅಳಿಯಂದಿರು ವಾಸವಾಗಿರುವ ಮ್ಯಾಂಚೆಸ್ಟರ್ ನಗರದಲ್ಲಿ ಒಂದು ಬೇಸಿಗೆಯನ್ನು ಕಳೆಯುವ ಯೋಗ ನನಗೊದಗಿತ್ತು. ವಾರಾಂತ್ಯ ಬಂದಿತೆಂದರೆ ಅಲ್ಲಿಯ ಜನ ದಪ್ಪ ಬೂಟು ತೊಟ್ಟು, ಬುತ್ತಿ ಕಟ್ಟಿಕೊಂಡು ಗುಡ್ಡಗಳ ಕಡೆಗೆ ಹೊರಡುತ್ತಾರೆ. ಮುದುಕರು, ಮಕ್ಕಳು, ಕೈಗೂಸನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು, ಎಲ್ಲರೂ. ಹೊಲಗಳ ನಡುವೆ ಸಣ್ಣ ಕಾಲುದಾರಿ, ಬೇಲಿ ಬಂದಲ್ಲಿ ದಾಟಲು ಮರದ ಮೆಟ್ಟಿಲು, ಕವಲೊಡೆದಲ್ಲಿ ‘ಸಾರ್ವಜನಿಕ ಕಾಲುದಾರಿ’ ಎಂದು ಬರೆದ ಗೂಟ. ಪರರ ಹೊಲದೊಳಗೆ ಕಾಲಿಡಲು ನಾನು ಹಿಂಜರಿದಾಗ ಮಗಳು ನಕ್ಕು, ‘ಅಪ್ಪಾ, ಹೊಲ ಯಾರದಾದರೂ ಇರಲಿ, ದಾರಿ ಮಾತ್ರ ಎಲ್ಲರದು, ಬಾ’ ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಆದರೆ ಈ ಸೌಲಭ್ಯ ಅವರಿಗೆ ಯಾರೋ ದಾನವಾಗಿ ಕೊಟ್ಟದ್ದಲ್ಲ. ಮ್ಯಾಂಚೆಸ್ಟರಿಗೆ ಸಮೀಪದಲ್ಲಿ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲುಗುಡ್ಡವಿದೆ. ಜಮೀನುದಾರರು ಹಕ್ಕಿಬೇಟೆಗಾಗಿ ಅದನ್ನು ಕಾದಿರಿಸಿಕೊಂಡು, ಕಾವಲುಗಾರರನ್ನಿಟ್ಟು, ಜನರನ್ನು ಹೊರಗಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಅವರಲ್ಲಿ ಬಹುಮಂದಿ ಕೈಗಾರಿಕಾ ನಗರಗಳ ದುಡಿಯುವ ಯುವಕರು, ಬೇಕೆಂದೇ ಆ ಗುಡ್ಡವನ್ನೇರಿದರು. ಐವರಿಗೆ ಸೆರೆವಾಸವಾಯಿತು. ರಾಷ್ಟ್ರೀಯ ಉದ್ಯಾನಗಳ ಕಾಯಿದೆ 1949ರಲ್ಲಿ ಬಂದಿತು. 1951ರಲ್ಲಿ ಅದೇ ಗುಡ್ಡವನ್ನೊಳಗೊಂಡ ಪೀಕ್ ಪ್ರದೇಶವು ಆ ದೇಶದ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವೆನಿಸಿತು. ನಾನೂ ಕಿಂಡರನ್ನು ಹತ್ತಿದೆ. ಎತ್ತರ 636 ಮೀಟರು. ಗಾಳಿ, ಮಂಜು, ಕಾಲು ಹೂತುಹೋಗುವ ಕಪ್ಪು ಕೊಳೆಮಣ್ಣು, ಅಲ್ಲಲ್ಲಿ ಗಾಳಿ ಕೊರೆದ ಮರಳುಗಲ್ಲಿನ ಬಂಡೆಗಳು. ಸತ್ಯವನ್ನು ಹೇಳಬೇಕೆಂದರೆ, ಕುರುಗೋಡಿನ ಬಂಡೆಗಳನ್ನು ಕಂಡವನಿಗೆ ಅವು ದೊಡ್ಡ ಅಚ್ಚರಿಯೇನಲ್ಲ. ಅಚ್ಚರಿಯೆನಿಸಿದ್ದು ಅವುಗಳನ್ನು ನೋಡಲು ಬಂದಿದ್ದ ಜನಸಂದಣಿ.

ಅದೇ ನಾಡಿನ ಉತ್ತರಕ್ಕೆ, ಸರೋವರಗಳ ಪ್ರದೇಶದ ಕೆಸ್ವಿಕ್ ಎಂಬ ಪುಟ್ಟ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಒಂದು ವಿಚಿತ್ರ ವಾದ್ಯವನ್ನು ಕಂಡೆ. ಅದು ಕಲ್ಲಿನ ವಾದ್ಯ. ಜೋಸೆಫ್ ರಿಚರ್ಡ್‌ಸನ್ ಎಂಬ ಕಲ್ಲುಕುಟಿಗನು ಹತ್ತಿರದ ಸ್ಕಿಡಾ ಪರ್ವತದಿಂದ ನಾದಗೊಡುವ ಕಲ್ಲುಗಳನ್ನು ಆಯ್ದು ತಂದು, ಒಂದೊಂದನ್ನೂ ಕೆತ್ತಿ ಸ್ವರಕ್ಕೆ ಹೊಂದಿಸಿ, ಹದಿಮೂರು ವರ್ಷ ಶ್ರಮಪಟ್ಟು 1840ರ ವೇಳೆಗೆ ಅದನ್ನು ಪೂರ್ಣಗೊಳಿಸಿದನಂತೆ. ಅವನ ಮಕ್ಕಳು ಅದನ್ನು ಊರೂರಿಗೆ ಒಯ್ದು ನುಡಿಸಿದರು. 1848ರಲ್ಲಿ ವಿಕ್ಟೋರಿಯಾ ರಾಣಿಯ ಅರಮನೆಯಲ್ಲಿಯೂ ಅದರ ಕಛೇರಿ ನಡೆಯಿತು. ಇಂದು ಅದಕ್ಕೊಂದು ಕೋಣೆ, ಒಂದು ಫಲಕ, ಅದನ್ನು ಕುರಿತು ಸಡಗರದಿಂದ ವಿವರಿಸುವ ಜನ. ವಾಚಕರೇ, ನನಗಾಗ ನೆನಪಿಗೆ ಬಂದದ್ದು ನಮ್ಮ ಕಪ್ಪಗಲ್ಲಿನ ಹಿರೇಗುಡ್ಡ.

ಬಳ್ಳಾರಿ ನಗರದವರಿಗೆ ಗುಡ್ಡವೆಂದರೆ ಕೋಟೆಯ ಗುಡ್ಡ. ಅದರ ಕಥೆಯನ್ನು ಎಲ್ಲರೂ ಬಲ್ಲರು: ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿ, ಕೆಲಸ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಇದಕ್ಕಿಂತ ಎತ್ತರವಿರುವುದನ್ನು ಕಂಡು, ಆ ಬಡಪಾಯಿಯನ್ನು ಗಲ್ಲಿಗೇರಿಸಿದನೆಂದು ಹೇಳುತ್ತಾರೆ. ಕಥೆ ನಿಜವಿರಲಿ ಸುಳ್ಳಿರಲಿ, ನಮ್ಮೂರಿನಲ್ಲಿ ಗುಡ್ಡಗಳನ್ನು ಯಾರಾದರೂ ಕಣ್ಣಿಟ್ಟು ಅಳೆದದ್ದು ಅದೇ ಕಡೆಯ ಬಾರಿಯೆಂದು ತೋರುತ್ತದೆ. ಈ ಗುಡ್ಡಗಳ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹಿಮಾಲಯ ಇವುಗಳ ಮುಂದೆ ನಿನ್ನೆ ಹುಟ್ಟಿದ ಕೂಸು. ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಶಿಲೆ, ಮೇಲಿನ ಹೊದಿಕೆ ಸವೆದಂತೆ ಹೊರಬಂದು, ಬಿಸಿಲಿಗೆ ಬಿರಿದು, ಮಳೆಗೆ ತೊಳೆದು, ಒಂದರ ಮೇಲೊಂದು ಪೇರಿಸಿಟ್ಟ ಗುಂಡುಗಳಾಗಿ ನಿಂತಿದೆ. ಹೀಗೆ ಪೇರಿಸಲು ಯಾವ ರಾಕ್ಷಸನೂ ಬೇಕಾಗಲಿಲ್ಲ, ಕಾಲವೊಂದೇ ಸಾಕಾಯಿತು.

ನಗರದಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರು ಸಾಗಿದರೆ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳು. ಸುಮಾರು ಐದು ಸಾವಿರ ವರ್ಷಗಳ ಹಿಂದಿನಿಂದಲೂ ದನಗಾಹಿ ಜನ ಈ ಗುಡ್ಡಗಳ ಮೇಲೆ ಬೀಡುಬಿಟ್ಟಿದ್ದರು. ಭಾರತದ ಪ್ರಾಗಿತಿಹಾಸ ಸಂಶೋಧನೆಯ ಮೂಲಪುರುಷನೆನಿಸಿದ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಲ್ಲುಗಳ ನಡುವೆ ಅಲೆದಾಡಿ, ನಯಗೊಳಿಸಿದ ಕಲ್ಲುಗೊಡಲಿಗಳನ್ನು ಹೆಕ್ಕಿದನು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವನ ಗ್ರಂಥ 1895ರಲ್ಲಿ ಬಂದಿತು. 1946ರಲ್ಲಿ ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ಫೂಟನ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿಯೇ ಇದೆ. ಅದನ್ನೂ ತಾವು ನೋಡಬೇಕು.

ಹಿರೇಗುಡ್ಡದ ಒಂದು ಏಣಿನುದ್ದಕ್ಕೂ ಗ್ರಾನೈಟನ್ನು ಸೀಳಿಕೊಂಡು ಕರಿಕಲ್ಲಿನ ಪಟ್ಟೆಯೊಂದು ಹಾಯ್ದುಹೋಗಿದೆ. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ನವಶಿಲಾಯುಗದವರ ಕೊಡಲಿಗಳು ಬಹುಮಟ್ಟಿಗೆ ಈ ಶಿಲೆಯವೇ. ಅದರ ಬಂಡೆಗಳ ಮೈಮೇಲೆ ನೂರಾರು ಚಿತ್ರಗಳು. ಬಣ್ಣದಿಂದ ಬರೆದವಲ್ಲ, ಕಲ್ಲಿನಿಂದ ಕುಟ್ಟಿ ಮೂಡಿಸಿದವು. ಇವುಗಳ ಸಂಗತಿಯನ್ನು ಫಾಸೆಟ್ ಎಂಬುವರು 1892ರಷ್ಟು ಹಿಂದೆಯೇ ಆಂಗ್ಲ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಹೆಚ್ಚಿನವು ಹೋರಿಗಳು. ಉದ್ದನೆಯ ಕೋಡು, ಎದ್ದ ಇಣಿ, ನೀಳ ಮೈ. ಕೆಲವು ಮನುಷ್ಯರ ಆಕೃತಿಗಳು. ಕೆಲವು ಎಷ್ಟು ಎತ್ತರದಲ್ಲಿ, ಎಂಥ ಇಕ್ಕಟ್ಟಿನಲ್ಲಿ ಇವೆಯೆಂದರೆ, ಕುಟ್ಟಿದವನು ಹೇಗೆ ನಿಂತಿದ್ದನೆಂದು ಯೋಚಿಸಿದರೆ ಕಾಲು ನಡುಗುತ್ತದೆ.

ನಾನು ಏದುಸಿರು ಬಿಡುತ್ತ ಅಲ್ಲಿಗೆ ಏರಿದ ದಿನ ಕುರಿ ಕಾಯುವ ಹುಡುಗನೊಬ್ಬ ಬಂಡೆಯ ಮೇಲೆ ಕುಳಿತಿದ್ದ. ಚಿತ್ರ ನೋಡಲು ಬಂದಿದ್ದೇನೆಂದು ತಿಳಿದು, ಎದ್ದು, ಒಂದು ಕಲ್ಲನ್ನು ನನ್ನ ಕೈಗಿತ್ತು, ‘ಇದನ್ನ ಬಡೀರಿ ಯಜಮಾನ್ರೆ, ಗಂಟಿ ಆಗೈತಿ’ ಎಂದ. ಮೆಲ್ಲನೆ ತಟ್ಟಿದೆ. ಬಂಡೆ ಕಂಚಿನಂತೆ ನುಡಿಯಿತು! ಪಕ್ಕದ ಬಂಡೆ ಬೇರೊಂದು ಸ್ವರ. ಮತ್ತೊಂದು ಮೂಕವಾಗಿಯೇ ಇತ್ತು. ಹುಡುಗನಿಗೆ ಯಾವುದು ನುಡಿಯುತ್ತದೆ, ಯಾವುದು ನುಡಿಯುವುದಿಲ್ಲವೆಂಬುದು ತನ್ನ ಕುರಿಗಳ ಗುರುತಿನಷ್ಟೇ ಪರಿಚಿತವಾಗಿತ್ತು. ಕಾರಣ ಸರಳವಾದುದು. ಗ್ರಾನೈಟಿನ ಕಣ ದಪ್ಪ, ಒಳಗೆ ಬಿರುಕು ಹೆಚ್ಚು. ಡಾಲರೈಟಿನದು ಸಣ್ಣ ಕಣದ ಬಿಗಿಯಾದ ಮೈ. ಅಂಥ ಬಂಡೆಯೊಂದು ಎರಡು ಮೂರು ಕಡೆ ಮಾತ್ರ ಊರಿಕೊಂಡು, ಉಳಿದ ಮೈ ಗಾಳಿಯಲ್ಲಿದ್ದರೆ, ಪೆಟ್ಟು ಬಿದ್ದಾಗ ಗಂಟೆಯಂತೆ ಕಂಪಿಸುತ್ತದೆ. ನುಡಿಯುವ ಬಂಡೆಗಳ ಮೇಲೆ ಬಟ್ಟಲಿನಂಥ ತಗ್ಗುಗಳು ಬಿದ್ದಿವೆ. ಎಷ್ಟು ತಲೆಮಾರಿನ ಕೈಗಳು ಅದೇ ಜಾಗದಲ್ಲಿ ಬಡಿದಿರಬೇಕು! ಕೆಸ್ವಿಕ್ಕಿನ ವಾದ್ಯಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಇದು ಸಾವಿರಾರು ವರ್ಷಗಳಿಂದ ಇದ್ದಲ್ಲಿಯೇ ಇರುವ ವಾದ್ಯ.

ಆದರೆ ಅದೇ ಗುಡ್ಡದ ಮಗ್ಗುಲಲ್ಲಿ ಕಲ್ಲು ಒಡೆದ ಹಸಿ ಗಾಯಗಳೂ ಕಾಣುತ್ತವೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲ್ ಬೊಯ್‌ವಿನ್ ಎಂಬ ವಿದುಷಿ 2004ರಲ್ಲಿ ಈ ಚಿತ್ರಗಳನ್ನೂ ನಾದಶಿಲೆಗಳನ್ನೂ ಕುರಿತು ಲೇಖನ ಪ್ರಕಟಿಸಿದಾಗ, ಕಲ್ಲುಗಣಿಗಾರಿಕೆಯಿಂದ ಇವುಗಳಿಗೆ ಒದಗಿರುವ ಆಪತ್ತನ್ನೂ ಜಗತ್ತಿಗೆ ಸಾರಿದರು. ರಸ್ತೆಗೆ ಜಲ್ಲಿ ಬೇಕು, ಮನೆಗೆ ಪಾಯದ ಕಲ್ಲು ಬೇಕು. ನಾನು ಬರೆಯುತ್ತ ಕುಳಿತಿರುವ ಈ ಮನೆಯೂ ಕಲ್ಲಿನ ಪಾಯದ ಮೇಲೆಯೇ ನಿಂತಿದೆ. ಕಲ್ಲೊಡೆದು ಹೊಟ್ಟೆ ಹೊರೆಯುವವರನ್ನು ಆಡಿಕೊಳ್ಳುವುದು ನನ್ನ ಕೆಲಸವಲ್ಲ. ಆದರೆ ಈ ಸೀಮೆಯಲ್ಲಿ ಗುಡ್ಡಗಳು ನೂರಾರಿವೆ. ನುಡಿಯುವ ಗುಡ್ಡ ಇದೊಂದು. ನಗರದ ಜನ ಭಾನುವಾರಕ್ಕೊಮ್ಮೆ ಹತ್ತುವ ಗುಡ್ಡಕ್ಕೆ ಸುತ್ತಿಗೆ ಹಾಕಲು ಯಾರಾದರೂ ಎರಡು ಬಾರಿ ಯೋಚಿಸುತ್ತಾರೆ. ಯಾರೂ ಹತ್ತದ ಗುಡ್ಡ ದಾಖಲೆಯಲ್ಲಿ ಬರಿಯ ಒಂದು ಸರ್ವೆ ನಂಬರು.

ಇನ್ನು ಸಿರುಗುಪ್ಪದ ಕಡೆಗೆ. ದಾರಿಯಲ್ಲಿ ತೆಕ್ಕಲಕೋಟೆಯ ಗುಡ್ಡಗಳಿವೆ, 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಗೆದು ಶಿಲಾಯುಗದ ಗುಡ್ಡವಾಸಿಗಳ ನೆಲೆಯನ್ನು ಬೆಳಕಿಗೆ ತಂದ ಸ್ಥಳವದು. ತುಂಗಭದ್ರೆಯ ದಡದ ನಿಟ್ಟೂರು, ಉದೇಗೋಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಹೆಸರೇ ಇರುವ ಶಾಸನಗಳಿವೆ. ಇವುಗಳ ವಿಚಾರ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನನ್ನ ಕುತೂಹಲವೆಲ್ಲ ಅಲ್ಲಿಯ ಎರೆಭೂಮಿಯ ಒಂದು ಹಕ್ಕಿಯ ಮೇಲೆ.

ಸಿರುಗುಪ್ಪವೆಂದರೆ ಭತ್ತದ ಕಣಜ, ವಿಜಯನಗರದ ಕಾಲದಿಂದಲೂ ಕಾಲುವೆ ಕಂಡ ಸೀಮೆ. ಆದರೆ ತಾಲ್ಲೂಕಿನಲ್ಲಿ ಕಾಲುವೆಯ ನೀರು ತಲುಪದ, ಮಳೆಯನ್ನೇ ನೆಚ್ಚಿದ ಎರೆಹೊಲಗಳೂ ಇವೆ. ಅಲ್ಲಿ ಎರೆಭೂತವೆಂದೂ ಎರ್ಲಡ್ಡುವೆಂದೂ ಕರೆಯಲ್ಪಡುವ ದೊಡ್ಡ ಹಕ್ಕಿ ಕಾಣಿಸಿಕೊಂಡಿದೆ. ನಿಂತರೆ ಒಂದು ಮೀಟರಿನಷ್ಟು ಎತ್ತರ. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳ ಸಾಲಿಗೆ ಸೇರಿದುದು. ಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಎದುರಿನ ನೋಟ ಮಂದವಾದುದರಿಂದ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಇಡೀ ದೇಶದ ಬಯಲುಗಳಲ್ಲಿ ಈಗ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ನಾನು ಎರಡು ದಿನ ಅಲೆದೆ. ಜಿಂಕೆಯ ಹಿಂಡುಗಳು ಕಂಡವು, ಹಕ್ಕಿ ಕಾಣಲಿಲ್ಲ. ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದ್ದ ರೈತರೊಬ್ಬರು ನನಗೂ ಒಂದು ರೊಟ್ಟಿ ಕೊಟ್ಟು, ‘ಜಿಂಕಿ ಬೆಳಿ ತಿಂತಾವ್ರಿ, ಅದರ ಕಾಟ ಹೇಳತೀರದು. ಎರೆಭೂತ ಹುಳ ತಿಂತೈತಿ, ಅದರಿಂದ ನಮಗೇನು ತ್ರಾಸಿಲ್ರಿ’ ಎಂದರು. ಸರಕಾರದ ಸುತ್ತೋಲೆಗಿಂತ ಈ ಸಾಕ್ಷ್ಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇಂಗ್ಲೆಂಡಿನಲ್ಲಿಯೂ ಇದೇ ಕುಲದ ಹಕ್ಕಿಯೊಂದಿತ್ತು. ಬೇಟೆಗೂ ಬೇಸಾಯದ ಹೊಸ ಪದ್ಧತಿಗೂ ಸಿಕ್ಕಿ 1832ರ ಹೊತ್ತಿಗೆ ಅದರ ಸಂತಾನ ಅಲ್ಲಿ ನಿಂತುಹೋಯಿತು. ನೂರೆಪ್ಪತ್ತು ವರ್ಷಗಳ ತರುವಾಯ, 2004ರಲ್ಲಿ, ರಷ್ಯಾದಿಂದ ಮರಿಗಳನ್ನು ತರಿಸಿ ಸಾಲ್ಸ್‌ಬರಿ ಬಯಲಿನಲ್ಲಿ ಬಿಡಲಾರಂಭಿಸಿದರು. ನಾನು ಆ ಬಯಲನ್ನು ಕಂಡಿದ್ದೇನೆ. ಸೈನ್ಯದ ತರಬೇತಿಗೆಂದು ಕಾದಿರಿಸಿದ್ದರಿಂದ ಉಳಿದುಕೊಂಡ ಹುಲ್ಲುಗಾವಲು ಅದು. ದೇವರ ಹೆಸರಿನಲ್ಲಿ ನಮ್ಮಲ್ಲಿ ಉಳಿದದ್ದು ಅಲ್ಲಿ ತೋಪಿನ ಹೆಸರಿನಲ್ಲಿ ಉಳಿದಿದೆ. ಅವರು ಕಳೆದುಕೊಂಡು ಪರದೇಶದಿಂದ ತರಿಸಿಕೊಂಡುದು ನಮ್ಮ ಎರೆಹೊಲಕ್ಕೆ ಕರೆಯದೆಯೇ ಬರುತ್ತಿದೆ.

ನಮ್ಮ ಸೀಮೆಯಲ್ಲಿ ಏನೂ ನಡೆದಿಲ್ಲವೆಂದಲ್ಲ. ದರೋಜಿಯ ಕರಡಿಧಾಮ 1994ರಲ್ಲಿ ಆಯಿತು. ಸಂಜೆಯ ಹೊತ್ತು ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬಳಿದ ಬೆಲ್ಲವನ್ನು ನೆಕ್ಕಲು ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಇಳಿದುಬರುವುದನ್ನು ಗೋಪುರದಿಂದ ನೋಡಬಹುದು. ತುಂಗಭದ್ರೆಯಲ್ಲಿ ಮುದಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹರಿವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟಿದ್ದಾರೆ. ಇವು ಕಾಡುಪ್ರಾಣಿಗಳಿಗೆ ದೊರೆತ ಆಶ್ರಯ. ಮನುಷ್ಯನು ನಡೆದುಹೋಗಿ ಕಲ್ಲನ್ನು ಮುಟ್ಟುವ ದಾರಿಯ ಮಾತು ಬೇರೆ.

ಆ ದಾರಿ ಎಲ್ಲಿಯಾದರೂ ಸವೆಯದೆ ಉಳಿದಿದ್ದರೆ ಅದು ಕುರುಗೋಡಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ ಇದು. ಗುಡ್ಡದ ಮೇಲೆ ಕೋಟೆ, ಗುಡ್ಡದ ಬುಡದಲ್ಲಿ ಹಳೆಯ ಗುಡಿಗಳ ಸಾಲು, ಊರೊಳಗೆ ದೊಡ್ಡಬಸವೇಶ್ವರ. ಒಂದೇ ಬಂಡೆಯಲ್ಲಿ ಮೂಡಿದ ಆ ಬೃಹನ್ನಂದಿಯ ಎದುರು ನಿಂತಾಗ ನನಗೆ ಹಿರೇಗುಡ್ಡದ ಕರಿಕಲ್ಲಿನ ಹೋರಿಗಳು ನೆನಪಾದವು. ಎರಡಕ್ಕೂ ನಡುವೆ ಬಹಳ ಶತಮಾನಗಳಿವೆ. ನಂಟು ಹೊಸೆಯುವ ಅಗತ್ಯವೂ ಇಲ್ಲ. ದನವನ್ನು ನಂಬಿ ಬಾಳಿದ ಕಲ್ಲುನಾಡಿನವರ ಕೈ ಕಲ್ಲಿನಲ್ಲಿ ಮತ್ತೆ ಮತ್ತೆ ಅದನ್ನೇ ಮೂಡಿಸಿತೆಂದರೆ ಸಾಕು. ಜಾತ್ರೆಯ ಜನ, ದನಗಾಹಿಗಳು, ಸೌದೆಗೆ ಹೋಗುವ ಹೆಣ್ಣುಮಕ್ಕಳು ತುಳಿದು ತುಳಿದು ಇಲ್ಲಿಯ ಬಂಡೆಗಳ ಮೇಲೆ ದಾರಿ ನುಣುಪಾಗಿದೆ. ಗೂಟವಿಲ್ಲ, ಫಲಕವಿಲ್ಲ, ಆದರೂ ದಾರಿ ತಪ್ಪುವುದಿಲ್ಲ. ಇಂಥ ದಾರಿಗಳು ಸಂಗನಕಲ್ಲು, ಕಪ್ಪಗಲ್ಲು, ತೆಕ್ಕಲಕೋಟೆಗಳಲ್ಲಿ ಮುಳ್ಳು ಬೆಳೆದು ಮುಚ್ಚುತ್ತಿವೆ. ಶಾಲೆಯ ಉಪಾಧ್ಯಾಯರು ವರ್ಷಕ್ಕೊಮ್ಮೆ ಮಕ್ಕಳ ಸಾಲನ್ನು ಅತ್ತ ನಡೆಸಿದರೆ ಸಾಕು, ಮುಳ್ಳು ತಾನಾಗಿ ಹಿಂದೆಗೆಯುತ್ತದೆ. ಬಸ್ಸಿನಲ್ಲಿ ದೂರದೂರಿಗೆ ಪ್ರವಾಸ ಒಯ್ಯುವ ಖರ್ಚಿನಲ್ಲಿ ಇದು ಹತ್ತರಲ್ಲೊಂದು ಪಾಲೂ ಆಗಲಾರದು.

ಹೋಗಬಯಸುವ ವಾಚಕರಿಗೆ ಒಂದೆರಡು ಸೂಚನೆ. ಕಾರ್ತಿಕದಿಂದ ಮಾಘದವರೆಗಿನ ದಿನಗಳು ಒಳ್ಳೆಯವು. ಚೈತ್ರ ವೈಶಾಖಗಳಲ್ಲಿ ಆ ಕರಿಕಲ್ಲಿನ ಮೇಲೆ ಕೈಯಿಡುವುದು ಸಾಧ್ಯವಿಲ್ಲ. ಹೊತ್ತು ಮೂಡುವ ಮುಂಚೆ ಹೊರಡಬೇಕು: ಓರೆ ಬಿಸಿಲಿನಲ್ಲಿ ಕುಟ್ಟಿದ ಗೆರೆಗಳು ಎದ್ದು ಕಾಣುತ್ತವೆ, ನೆತ್ತಿಯ ಬಿಸಿಲಿನಲ್ಲಿ ಮಾಯವಾಗುತ್ತವೆ. ನೀರು ಬೇಕಾದಷ್ಟು ಒಯ್ಯಿರಿ, ಗುಡ್ಡದ ಮೇಲೆ ಸಿಗುವುದಿಲ್ಲ. ಚಿತ್ರ ಸ್ಪಷ್ಟವಾಗಲೆಂದು ಸೀಮೆಸುಣ್ಣ ತಿಕ್ಕಬೇಡಿ. ನಾದಶಿಲೆಗಳನ್ನು ಕೆಳಗಿನ ಹೊಲದವರಿಗೆ ಕೇಳುವಂತೆ ಬಡಿಯಬೇಕಾಗಿಲ್ಲ, ಬೆರಳ ಗಾತ್ರದ ಹರಳಿನಿಂದ ತಟ್ಟಿದರೂ ಅವು ನುಡಿಯುತ್ತವೆ. ಯಾವ ಬಂಡೆಯೆಂದು ತಿಳಿಯದಿದ್ದರೆ ಸ್ವಲ್ಪ ಹೊತ್ತು ಕುಳಿತಿರಿ. ಕುರಿಗಳ ಹಿಂದೆ ಯಾರಾದರೊಬ್ಬರು ಬಂದೇ ಬರುತ್ತಾರೆ.