ಒಡವೆಗೂ ಹೊಳೆಗೂ ನಡುವೆ

ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ರಸ್ತೆಯಲ್ಲಿ ಸುಂಟಿಕೊಪ್ಪ ಸಿಗುತ್ತದೆ. ಈಗಲೂ ದೊಡ್ಡ ಊರೇನಲ್ಲ. ಬಸ್ಸು ಐದು ನಿಮಿಷ ನಿಂತರೆ ಇಳಿದು ಒಂದು ಟೀ ಕುಡಿಯಬಹುದು, ಅಷ್ಟೇ. ಅದರ ಹತ್ತಿರದ ಗುಂಡುಕುಟ್ಟಿ ತೋಟದಲ್ಲಿ ಗೌರಮ್ಮ ಸಂಸಾರ ಮಾಡಿಕೊಂಡಿದ್ದರು. ಮಡಿಕೇರಿಯ ಹುಡುಗಿ, 1912ರಲ್ಲಿ ಹುಟ್ಟಿದವರು, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು. ಗಂಡ ಬಿ.ಟಿ. ಗೋಪಾಲಕೃಷ್ಣಯ್ಯನವರು ಗುಂಡುಕುಟ್ಟಿ ಮಂಜುನಾಥಯ್ಯನವರ ಆ ತೋಟದ ಮ್ಯಾನೇಜರು. ಮನೆಯಲ್ಲಿ ಒಬ್ಬನೇ ಮಗ.

ಅವರ ಕಥೆಯನ್ನು ನಾನು ಮೊದಲು ಕೇಳಿದ್ದು ಅಜ್ಜಿಯ ಬಾಯಲ್ಲಿ, ಕಕ್ಕಡದ ಮಳೆಯಲ್ಲಿ, ಬಚ್ಚಲೊಲೆಯ ಮುಂದೆ. ಕೊಡಗಿನ ಮಳೆಗಾಲ ಕಂಡವರಿಗೆ ಗೊತ್ತು, ಕತ್ತಲಾದ ಮೇಲೆ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಅಜ್ಜಿ ಕೆಂಡದಲ್ಲಿ ಹಲಸಿನ ಬೀಜ ಹೂತಿಟ್ಟು ಕಥೆ ಶುರು ಮಾಡುತ್ತಿದ್ದಳು. ಬೀಜ ‘ಟಪ್’ ಅಂದರೆ ಕಥೆ ನಿಲ್ಲುತ್ತಿತ್ತು. ಇಕ್ಕಳದಲ್ಲಿ ಅದನ್ನು ಹೊರಗೆಳೆದು, ಬೂದಿ ಕೊಡವಿ, ಸಿಪ್ಪೆ ಬಿಡಿಸಿ ನಮ್ಮ ಕೈಗಿಟ್ಟ ಮೇಲೇ ಮುಂದಿನ ಮಾತು. ಅವಳೇನೂ ಗೌರಮ್ಮನವರನ್ನು ಕಣ್ಣಾರೆ ಕಂಡವಳಲ್ಲ, ಹಿರಿಯರಿಂದ ಕೇಳಿದವಳು. ಅವಳ ಕಥೆಯಲ್ಲಿದ್ದದ್ದು ಎರಡೇ ಸಂಗತಿ: ಒಡವೆ ಮತ್ತು ಹೊಳೆ.

ಒಡವೆಯ ಸಂಗತಿ 1934ರ ಫೆಬ್ರವರಿಯದು. ಹರಿಜನ ನಿಧಿಗಾಗಿ ಗಾಂಧೀಜಿ ದೇಶವೆಲ್ಲ ಸುತ್ತುತ್ತಿದ್ದ ಕಾಲ. ಕೊಡಗಿಗೂ ಬಂದರು, ಗುಂಡುಕುಟ್ಟಿಗೂ ಬಂದರು. ಊರಿಗೆ ಊರೇ ದರ್ಶನಕ್ಕೆ ನೆರೆದಿದ್ದರೆ ಗೌರಮ್ಮ ಹಟ ಹಿಡಿದರು: ಗಾಂಧೀಜಿ ನಮ್ಮ ಮನೆಗೆ ಬರಬೇಕು, ಬರುವ ತನಕ ನಾನು ಊಟ ಮಾಡುವುದಿಲ್ಲ. ಉಪವಾಸ ಹಿಡಿದು ಮಾತು ನಡೆಸಿಕೊಳ್ಳುವುದನ್ನು ಯಾರಿಂದ ಕಲಿತರೋ ಅವರ ಮೇಲೆಯೇ ಅದನ್ನು ಪ್ರಯೋಗಿಸಿದ ಜಾಣತನ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಸುದ್ದಿ ಮುಟ್ಟಿತು, ಗಾಂಧೀಜಿ ಬಂದರು. ಗೌರಮ್ಮ ಮೈಮೇಲಿನ ಚಿನ್ನ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು.

ಇಲ್ಲಿಗೆ ಬಂದಾಗ ಅಜ್ಜಿ ತನ್ನ ಕೈಯ ಬಳೆಯನ್ನು ಒಮ್ಮೆ ತಿರುಗಿಸಿಕೊಳ್ಳುತ್ತಿದ್ದಳು. “ಇಪ್ಪತ್ತೆರಡು ತುಂಬದ ಹುಡುಗಿ. ಸೇರಿದ ಮನೆಯಲ್ಲಿ ನಿಂತು ಒಡವೆ ಬಿಚ್ಚಿ ಕೊಡೋದು ಅಂದರೆ ಏನು ಅಂದುಕೊಂಡಿದ್ದೀರಿ?” ಅಂತ ಗದರುವಂತೆ ಕೇಳುತ್ತಿದ್ದಳು. ಹೆಂಗಸಿಗೆ ತನ್ನದು ಅಂತ ಇದ್ದದ್ದು ಆಗ ಅದೊಂದೇ. ಕಷ್ಟ ಬಂದರೆ ಅಡವಿಡಲಿಕ್ಕೆ, ಮಗನ ಓದಿಗೆ, ಮುಂದೆ ಬರುವ ಸೊಸೆಗೆ, ಎಲ್ಲಕ್ಕೂ ಅದೇ. ಒಡವೆ ಕೊಟ್ಟವರಿಗೆ ಮತ್ತೆ ಹೊಸದು ಮಾಡಿಸಿಕೊಳ್ಳಬಾರದು ಅಂತ ಗಾಂಧೀಜಿ ಹೇಳುತ್ತಿದ್ದದ್ದೂ ಉಂಟು. ಹಾಗಾಗಿ ಅದು ಆ ಹೊತ್ತಿನ ಹುಮ್ಮಸ್ಸಿನ ಲೆಕ್ಕವಲ್ಲ, ಬದುಕಿನುದ್ದದ ಲೆಕ್ಕ.

ಒಡವೆಗೂ ಹೊಳೆಗೂ ನಡುವೆ ಇದ್ದದ್ದೇನು ಅಂತ ನನಗೆ ತಿಳಿದದ್ದು ದೊಡ್ಡವನಾಗಿ ಪುಸ್ತಕ ಹಿಡಿದ ಮೇಲೆ. ಅಲ್ಲಿದ್ದದ್ದು ಕಥೆಗಳು. ಬಿ.ಟಿ.ಜಿ. ಕೃಷ್ಣ ಅನ್ನುವ ಹೆಸರಿನ ಹಿಂದೆ ‘ಮಿಸೆಸ್’ ಹಚ್ಚಿಕೊಂಡು ಅವರು ಬರೆಯುತ್ತಿದ್ದರು. ಕೊಡಗಿನ ಗೌರಮ್ಮ ಅನ್ನುವುದು ಓದುಗರು ಬಾಯಿಗೆ ಹಚ್ಚಿಕೊಂಡ ಹೆಸರು.

ಕಾಫಿ ತೋಟದ ಮ್ಯಾನೇಜರ ಮನೆಯ ದಿನಚರಿ ನನಗೆ ಸ್ವಲ್ಪ ಗೊತ್ತು, ಸೋದರತ್ತೆಯನ್ನು ಕೊಟ್ಟದ್ದು ಅಂಥ ಮನೆಗೇ. ಬೆಳಕು ಹರಿಯುವ ಮೊದಲು ಒಲೆ ಹತ್ತಬೇಕು, ಗಂಡ ಆಳುಗಳ ಹಾಜರಿಗೆ, ಚೆಕ್‌ರೋಲ್‌ಗೆ, ಹೊರಡುವ ಹೊತ್ತಿಗೆ ತಿಂಡಿ ಆಗಬೇಕು. ಮಳೆಗಾಲದಲ್ಲಿ ಸೌದೆ ಹಸಿ, ಬಟ್ಟೆ ಹಸಿ. ಅಂಗಳಕ್ಕಿಳಿದರೆ ಕಾಲಿಗೆ ಜಿಗಣೆ. ಆಳುಗಳ ಲೈನ್‌ಮನೆಯಲ್ಲಿ ಯಾರಿಗೋ ಜ್ವರ ಅಂದರೆ ಕಷಾಯಕ್ಕೆ ಬಾಗಿಲು ತಟ್ಟುವುದು ಮ್ಯಾನೇಜರ ಹೆಂಡತಿಯ ಮನೆಯದೇ. ಹೇಳದೆ ಕೇಳದೆ ಬರುವ ನೆಂಟರು ಬೇರೆ. ಅತ್ತೆಗೆ ಪತ್ರ ಬರೆಯಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಅಂಥದೇ ಬದುಕಿನ ನಡುವೆ ಗೌರಮ್ಮ ಕಥೆ ಬರೆದರು. ಟೆನಿಸ್ ಆಡಿದರು, ಹೊಳೆಯಲ್ಲಿ ಈಜಿದರು. ಧಾರವಾಡದ ದ.ರಾ. ಬೇಂದ್ರೆಯವರು ಅವರಿಗೆ ಅಣ್ಣನಂತಿದ್ದರು.

ಮತ್ತೆ ಬರೆದದ್ದಾದರೂ ಏನನ್ನು? ಎಳೆ ವಯಸ್ಸಿನ ವಿಧವೆಯರು, ಮರುಮದುವೆ, ವರದಕ್ಷಿಣೆ, ಮೋಸಹೋದ ಹೆಣ್ಣನ್ನೇ ತಪ್ಪಿತಸ್ಥೆ ಮಾಡಿ ಕೈತೊಳೆದುಕೊಳ್ಳುವ ಮನೆ. ‘ಅಪರಾಧಿ ಯಾರು?’ ಅಂತ ಒಂದು ಕಥೆಯ ಹೆಸರು. ‘ವಾಣಿಯ ಸಮಸ್ಯೆ’ ಇನ್ನೊಂದು. ದೊಡ್ಡ ದನಿಯಲ್ಲಿ ಭಾಷಣ ಮಾಡುವುದಿಲ್ಲ. ಒಂದೊಂದು ಕಡೆ ಗೆಳತಿಗೆ ಕಾಗದ ಬರೆದಂತೆ ಮಾತಾಡುತ್ತಾರೆ. ಕೆಲವು ಕಥೆಗಳು ಆ ಕಾಲದ ಭಾವುಕತೆಗೆ ಜಾರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೂ ಬೈಗುಳ ಯಾರಿಗೆ ಹೋಗಿ ತಟ್ಟಬೇಕೋ ಅವರಿಗೇ ತಟ್ಟಿರುತ್ತದೆ.

ಇನ್ನು ಹೊಳೆ. 1939ರ ಏಪ್ರಿಲ್ 13. ಕೊಡಗಿನಲ್ಲಿ ಅದು ಕಾಫಿ ಹೂವಿನ ಮಳೆ ಆಗಿಹೋಗುವ ಕಾಲ, ಹೊಳೆಗಳು ಇಳಿದಿರುತ್ತವೆ. ಮುಂಗಾರು ಹಿಡಿದರೆ ಮುಗಿಯಿತು, ಮತ್ತೆ ದಡಕ್ಕೂ ಹೋಗುವ ಹಾಗಿಲ್ಲ. ಈಜಲು ಇಳಿದ ಗೌರಮ್ಮ ಸುಳಿಗೆ ಸಿಕ್ಕರು. ಮತ್ತೆ ಏಳಲಿಲ್ಲ. ವಯಸ್ಸು 27. ಮಗನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ತಾಯಿಯಿಲ್ಲದೆ ಬೆಳೆದವರ ಮಗನೂ ತಾಯಿಯಿಲ್ಲದೆ ಬೆಳೆಯಬೇಕಾಯಿತು.

ಅಜ್ಜಿ ಈ ಭಾಗವನ್ನು ಬೇಗ ಮುಗಿಸುತ್ತಿದ್ದಳು. “ಗಂಗಮ್ಮ ಕರಕೊಂಡಳು” ಅಂದು ಕೆಂಡ ಕೆದಕುತ್ತಿದ್ದಳು. ನಾನು ಮಾತ್ರ ಆ ಮಾತನ್ನು ಅಲ್ಲಿಗೇ ಬಿಡಲಾರೆ. ನಮ್ಮ ಕಥೆಗಳಲ್ಲಿ ಹೆಂಗಸು ನೀರಿಗೆ ಬೀಳುವುದು ಬಾಳು ಬೇಡವಾದಾಗ. ಅತ್ತೆಯ ಕಾಟ, ಗಂಡನ ಕಾಟ, ಹಿತ್ತಲ ಬಾವಿ. ಕೇಳಿ ಕೇಳಿ ನಮ್ಮ ಕಿವಿ ಅದಕ್ಕೇ ಒಗ್ಗಿಹೋಗಿದೆ. ಗೌರಮ್ಮನವರದು ಅಂಥ ಸಾವಲ್ಲ. ತನಗೆ ಇಷ್ಟವಾದದ್ದನ್ನು ಮಾಡಲು ಹೋಗಿದ್ದರು. 1939ರಲ್ಲಿ ಮಗುವಿನ ತಾಯಿಯೊಬ್ಬಳು ಹೊಳೆಗೆ ಹೋದದ್ದು ಬಟ್ಟೆ ಒಗೆಯಲಿಕ್ಕಲ್ಲ, ನೀರು ತರಲಿಕ್ಕಲ್ಲ, ಈಜಲಿಕ್ಕೆ. ಅವರನ್ನು ನೆನೆದು ಅಯ್ಯೋ ಪಾಪ ಅನ್ನುವವರ ಮೇಲೆ ನನಗೆ ಸಣ್ಣ ಸಿಟ್ಟಿದೆ.

ಬೇಂದ್ರೆಯವರು ಅತ್ತರು. ‘ತಂಗಿ ಗೌರಮ್ಮ’ ಅಂತ ಕವನ ಬರೆದರು, ಗೌರಮ್ಮನವರ ‘ಕಂಬನಿ’ ಸಂಕಲನಕ್ಕೆ ಮುನ್ನುಡಿಯನ್ನೂ ಬರೆದರು. ಉಳಿದ ಕಥೆಗಳು ‘ಚಿಗುರು’ ಅಂತ ಆಮೇಲೆ ಬಂದವು. ಆ ಹೊತ್ತಿಗೆ ಕೊಡಗು ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಪುಟ್ಟ ಪ್ರಾಂತ, ಮೈಸೂರಿನ ಜೊತೆ ಸೇರಿದ್ದು 1956ರಲ್ಲಿ. ಅಂಥ ಅಂಚಿನಿಂದ ಬಂದ ದನಿ ಬಯಲುಸೀಮೆಯ ದೊಡ್ಡ ಚರ್ಚೆಗಳ ನಡುವೆ ಬಹಳ ಕಾಲ ಬದಿಗೆ ಸರಿದು ಕೂತಿತ್ತು. 2023ರಲ್ಲಿ ಮಡಿಕೇರಿಯವರೇ ಆದ ದೀಪಾ ಭಾಸ್ತಿಯವರು ಗೌರಮ್ಮನವರ ಕಥೆಗಳನ್ನು ಇಂಗ್ಲಿಷಿಗೆ ತಂದರು. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಹಂಚಿಕೊಂಡವರು ಇವರೇ. ಹೊರಗಿನವರು ಗೌರಮ್ಮನವರನ್ನು ಓದುತ್ತಿದ್ದಾರೆ. ಒಡವೆಯ ಕಥೆ ನಮ್ಮ ಕಡೆ ಎಲ್ಲರಿಗೂ ಬರುತ್ತದೆ, ಅವರು ಬರೆದ ಕಥೆ ಓದಿದವರು ಕಡಿಮೆ. ಎಲ್ಲ ಸೇರಿದರೂ ತೆಳ್ಳಗಿನ ಒಂದೇ ಪುಸ್ತಕವಾದೀತು. ಗ್ರಂಥಾಲಯಕ್ಕೆ ಹೋದಾಗ ಕೇಳಿ ತೆಗೆದುಕೊಳ್ಳಿ, ‘ಅಪರಾಧಿ ಯಾರು?’ ಮೊದಲು ಓದಿ.